ಒಬ್ಬಳೇ ಇದ್ದರೂ ಒಂದು ಚೀಟಿ ಬೇಕು
(ಶಿವಮೊಗ್ಗ ವಿದ್ಯಾನಗರದಲ್ಲಿ ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನೀಡಿದ ಭಾಷಣ)



ಸಂಘದ ಲೆಕ್ಕ ಬರೆಯುವುದರಲ್ಲಿ ನೀವೆಲ್ಲ ಪಳಗಿದ್ದೀರಿ. ಉಳಿತಾಯ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು ಎಂದು ಕೇಳಿದರೆ ಪಟಪಟನೆ ಹೇಳುತ್ತೀರಿ. ಆದರೆ ಮನೆಯ ದಿನಸಿಗೆ ತಿಂಗಳಿಗೆ ಎಷ್ಟು ಹೋಗುತ್ತದೆ ಎಂದು ಕೇಳಿದರೆ ಸಭೆ ತಣ್ಣಗಾಗುತ್ತದೆ. ಅದರಲ್ಲೂ ಒಂಟಿಯಾಗಿರುವ ಅಮ್ಮಂದಿರು, "ಒಬ್ಬಳಿಗೇನು ಲೆಕ್ಕ ಸಿಸ್ಟರ್, ಏನೋ ಒಂದು ಬೇಯಿಸ್ಕೋತೀನಿ" ಅನ್ನುತ್ತಾರೆ. ಇಂದು ಈ ಮಾತಿನ ಬಗ್ಗೆಯೇ ಮಾತಾಡೋಣ.

ನಮ್ಮ ಸಂಘವೊಂದರಲ್ಲಿ ಅರವತ್ತೇಳು ವರ್ಷದ ಒಬ್ಬ ಅಮ್ಮ ಇದ್ದಾರೆ. ಗಂಡ ತೀರಿಕೊಂಡರು, ಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು. ಭದ್ರಾವತಿಯಲ್ಲಿ 2015ರ ಸುಮಾರಿಗೆ ಕಾಗದ ಕಾರ್ಖಾನೆ ನಿಂತ ಮೇಲೆ ಇಂಥ ಮನೆಗಳನ್ನು ನಾವು ಬಹಳ ನೋಡಿದ್ದೇವೆ. ಒಂದು ದಿನ ಈ ಅಮ್ಮ ಸಭೆಯಲ್ಲೇ ತಲೆಸುತ್ತಿ ಬಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ರಕ್ತ ಕಡಿಮೆ ಅಂದರು. ಬೆಳಿಗ್ಗೆ ಟೀ, ಮಧ್ಯಾಹ್ನ ಅನ್ನ ಉಪ್ಪಿನಕಾಯಿ, ರಾತ್ರಿ ಟೀ ಬನ್ನು. ಇಷ್ಟೇ ಅವರ ಊಟ.

ದುಡ್ಡಿಲ್ಲದೆ ಹೀಗಾಯಿತು ಎಂದು ನಾವು ತಿಳಿದೆವು. ಮನೆಗೆ ಹೋಗಿ ನೋಡಿದರೆ ಡಬ್ಬಗಳ ತುಂಬ ಸಾಮಾನಿತ್ತು! ಬೇಳೆಗೆ ಹುಳ ಬಿದ್ದಿತ್ತು, ರವೆ ಗಂಟುಗಟ್ಟಿತ್ತು. ಐದು ಜನ ಇದ್ದಾಗ ಬರೆಯುತ್ತಿದ್ದ ಚೀಟಿಯನ್ನೇ ಅವರು ಅಂಗಡಿಗೆ ಕೊಡುತ್ತಿದ್ದರು. ಅಂಗಡಿಯ ಉದ್ರಿ ತೀರಿಸಲು ಸಂಘದಿಂದ ಐದು ಸಾವಿರ ಸಾಲ ಬೇರೆ ತೆಗೆದಿದ್ದರು. ತಪ್ಪು ಅವರದೊಂದೇ ಅಲ್ಲ. ದಿನಸಿ ಕಿಟ್ ಹಂಚುವಾಗ ನಾವೂ ಇಡೀ ಕುಟುಂಬದ ಕಿಟ್ ಕೊಟ್ಟು ಬಂದಿದ್ದೆವು. ಆ ಮನೆಯಲ್ಲಿ ಎಷ್ಟು ಜನ ಎಂದು ಕೇಳಲಿಲ್ಲ. ಸಾಲ ಕೊಡುವಾಗ ಸಂಘವೂ ಯಾಕೆ ಎಂದು ಕೇಳಲಿಲ್ಲ.

ಆಮೇಲೆ ಅವರ ಜೊತೆ ಕೂತು ಹೊಸ ಚೀಟಿ ಬರೆದೆವು.

ಮೊದಲು ಬರುವ ಹಣ ಬರೆದೆವು. ಸಂಧ್ಯಾ ಸುರಕ್ಷಾ 1,200, ಗೃಹಲಕ್ಷ್ಮಿ 2,000, ಹೂ ಕಟ್ಟಿ ಬರುವುದು ಸುಮಾರು 1,500. ಒಟ್ಟು 4,700 ರೂಪಾಯಿ. ಇದರಲ್ಲಿ ಒಂದು ಮಾತು ನೆನಪಿಡಿ. ಗೃಹಲಕ್ಷ್ಮಿ ಹಣ ಪ್ರತಿ ತಿಂಗಳು ಒಂದೇ ದಿನ ಬರುವುದಿಲ್ಲ, ಕೆಲವೊಮ್ಮೆ ತಡವಾಗುತ್ತದೆ. ಅದು ಬರುತ್ತದೆ ಎಂದು ಉದ್ರಿ ಮಾಡಬೇಡಿ. ಬಂದಾಗ ಮುಂದಿನ ತಿಂಗಳಿಗೆ ಎತ್ತಿಡಿ.

ಎರಡನೆಯದು, ಕಾರ್ಡು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಬಿಪಿಎಲ್ ಕಾರ್ಡಿನಲ್ಲಿ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ. ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕೆಜಿ. 2023ರ ಜನವರಿಯಿಂದ ಇದು ಉಚಿತ. ಆಸರೆ ಇಲ್ಲದ ವಿಧವೆಯರು, ಅರವತ್ತು ದಾಟಿದವರು ಅಂತ್ಯೋದಯಕ್ಕೆ ಅರ್ಹರ ಪಟ್ಟಿಯಲ್ಲಿದ್ದಾರೆ. ನಿಮ್ಮ ಸಂಘದಲ್ಲಿ ಅಂಥವರಿದ್ದರೆ ಆಹಾರ ಇಲಾಖೆಯ ಕಚೇರಿಗೆ ಜೊತೆಯಲ್ಲಿ ಹೋಗಿ ವಿಚಾರಿಸಿ. ಒಬ್ಬರೇ ಹೋದರೆ ವಾಪಸ್ ಕಳಿಸಿಬಿಡಬಹುದು, ನಾಲ್ಕು ಜನ ಹೋದರೆ ಉತ್ತರ ಸಿಗುತ್ತದೆ.

ಮೂರನೆಯದು, ಒಂದು ಹೊಟ್ಟೆಗೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ತಟ್ಟೆಯ ಲೆಕ್ಕದಲ್ಲಿ ದಿನಕ್ಕೆ ಅಕ್ಕಿ-ರಾಗಿ ಸೇರಿ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಎಣ್ಣೆ 27 ಗ್ರಾಂ. ಇದನ್ನು ಮೂವತ್ತರಿಂದ ಗುಣಿಸಿ. ಧಾನ್ಯ ಏಳೂವರೆ ಕೆಜಿ, ಬೇಳೆಕಾಳು ಎರಡೂವರೆ ಕೆಜಿ, ಎಣ್ಣೆ ಒಂದು ಲೀಟರಿಗಿಂತ ಕಡಿಮೆ. ವಯಸ್ಸಾದವರಿಗೆ ಅನ್ನ ಇನ್ನೂ ಸ್ವಲ್ಪ ಕಡಿಮೆ ಸಾಕಾಗಬಹುದು, ಬೇಳೆಕಾಳು ಮಾತ್ರ ಬಿಡಬಾರದು. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು. ಅಂದರೆ ಒಂದು ಕೆಜಿ ಪ್ಯಾಕೆಟ್ ಒಬ್ಬರಿಗೆ ಆರು ತಿಂಗಳಾದರೂ ಬರಬೇಕು. ಈ ಅಮ್ಮನಿಗೆ ಎರಡು ತಿಂಗಳಿಗೆ ಮುಗಿಯುತ್ತಿತ್ತು, ಬಿಪಿ ಮಾತ್ರೆಯೂ ನಡೆಯುತ್ತಿತ್ತು!

ಇನ್ನು ಹಣವನ್ನು ನಾಲ್ಕು ಕವರಿನಲ್ಲಿ ಹಾಕಿದೆವು.

ಒಂದನೇ ಕವರು, ಅಂಗಡಿ ಸಾಮಾನು, 900 ರೂಪಾಯಿ. ತೊಗರಿಬೇಳೆ ಒಂದು ಕೆಜಿ, ಹೆಸರುಕಾಳು ಮತ್ತು ಹುರುಳಿ ಅರ್ಧರ್ಧ ಕೆಜಿ, ರಾಗಿಹಿಟ್ಟು ಎರಡು ಕೆಜಿ, ಎಣ್ಣೆ ಒಂದು ಲೀಟರ್, ಸಕ್ಕರೆ, ಟೀಪುಡಿ, ಹುಣಸೆಹಣ್ಣು, ಖಾರದಪುಡಿ, ಸೋಪು.

ಎರಡನೇ ಕವರು, ಹಾಲು, 360. ದಿನ ಬಿಟ್ಟು ದಿನ ಅರ್ಧ ಲೀಟರ್, 24 ರೂಪಾಯಿಯಂತೆ ಹದಿನೈದು ಪ್ಯಾಕೆಟ್. ಉಳಿದದ್ದು ಹೆಪ್ಪು ಹಾಕಿದರೆ ಮಜ್ಜಿಗೆ.

ಮೂರನೇ ಕವರು, ವಾರದ ಸಂತೆ, 200ರಂತೆ ನಾಲ್ಕು ವಾರಕ್ಕೆ 800. ಸೊಪ್ಪು, ತರಕಾರಿ, ತೆಂಗಿನಕಾಯಿ, ಮೊಟ್ಟೆ.

ನಾಲ್ಕನೇ ಕವರು, ಕೈಗಾವಲು, 200. ಐದು ಸಂತೆ ಬರುವ ತಿಂಗಳೂ ಇರುತ್ತದೆ, ನೆಂಟರೂ ಬರುತ್ತಾರೆ.

ಒಟ್ಟು 2,260. ಉಳಿದ 2,440ರಲ್ಲಿ ಗ್ಯಾಸು, ಔಷಧಿ, ಸಂಘದ ಉಳಿತಾಯ, ಸಾಲದ ಕಂತು. ಇದು ಅವರ ಮನೆಯ ಲೆಕ್ಕ, ಅವರ ಅಂಗಡಿಯ ಬೆಲೆ. ನಿಮ್ಮ ಮನೆಗೆ ನಿಮ್ಮದೇ ಲೆಕ್ಕ ಹಾಕಿಕೊಳ್ಳಿ. ಮೊದಲು ಒಂದು ತಿಂಗಳು ಏನೂ ಬದಲಿಸದೆ ಖರ್ಚನ್ನು ಸುಮ್ಮನೆ ಬರೆಯುತ್ತಾ ಹೋಗಿ. ಎರಡನೇ ತಿಂಗಳು ಚೀಟಿ ತಾನಾಗಿ ತಯಾರಾಗುತ್ತದೆ.

ಒಂಟಿ ಇರುವವರಿಗೆ ಒಂದು ಕಷ್ಟ ಇದೆ. ಸಣ್ಣ ಪ್ಯಾಕೆಟ್ ದುಬಾರಿ, ದೊಡ್ಡದು ತಂದರೆ ಹಾಳು. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಇದಕ್ಕೆ ಸಂಘವೇ ದಾರಿ. ಮೂರ್ನಾಲ್ಕು ಜನ ಸೇರಿ ಬೇಳೆ, ಬೆಲ್ಲ ಒಟ್ಟಿಗೆ ತಂದು ತೂಗಿ ಹಂಚಿಕೊಳ್ಳಿ. ಬಿಸಿಲು ಬಂದ ದಿನ ಕಾಳು ಒಣಗಿಸಿ, ಒಣಮೆಣಸಿನಕಾಯಿ ಹಾಕಿ ಸಣ್ಣ ಡಬ್ಬದಲ್ಲಿಡಿ. ಸಾರು ಒಂದೇ ಸಲ ಮಾಡಿ ಪಕ್ಕದ ಮನೆಯವರ ಪಲ್ಯದ ಜೊತೆ ಬದಲಾಯಿಸಿಕೊಳ್ಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆ ಅಮ್ಮನ ಉದ್ರಿ ತೀರಲು ಹತ್ತು ತಿಂಗಳಾಯಿತು. ಸಂಘದ ಸಾಲದ ಕಂತು ಇನ್ನೂ ನಡೆಯುತ್ತಿದೆ. ಆದರೆ ಈಗ ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು ಉಣ್ಣುತ್ತಾರೆ. ಮೊನ್ನೆ ಹೇಳಿದರು: "ದುಡ್ಡಿನದ್ದಲ್ಲ ಸಿಸ್ಟರ್, ಐದು ಜನದ ಚೀಟಿ ಬಿಟ್ಟರೆ ಅವರೆಲ್ಲ ಇನ್ನು ಬರೋದೇ ಇಲ್ಲ ಅಂತ ಒಪ್ಪಿಕೊಂಡ ಹಾಗೆ ಆಗ್ತಿತ್ತು." ಲೆಕ್ಕದ ಪುಸ್ತಕದಲ್ಲಿ ಈ ಮಾತಿಗೆ ಜಾಗ ಇಲ್ಲ. ಆದರೆ ನಾವು ಕೇಳಿಸಿಕೊಳ್ಳಬೇಕಾದ ಮಾತು ಅದೇ.

ಆದ್ದರಿಂದ ಮುಂದಿನ ಸಭೆಗೆ ಬರುವಾಗ ಎರಡು ಕೆಲಸ ಮಾಡಿ. ನಿಮ್ಮ ಮನೆಯ ಒಂದು ತಿಂಗಳ ಚೀಟಿ ತನ್ನಿ. ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವ ಒಬ್ಬ ಅಮ್ಮನ ಮನೆಗೆ ಹೋಗಿ, ರಾತ್ರಿ ಏನು ಉಂಡಿರಿ ಎಂದು ಕೇಳಿ ಬನ್ನಿ. ದಿನಸಿಗೆಂದು ಯಾರಾದರೂ ಸಾಲ ಕೇಳಿದರೆ ಇಲ್ಲ ಅನ್ನಬೇಡಿ, ಆದರೆ ಕೊಡುವ ಮೊದಲು ಅವರ ಜೊತೆ ಕೂತು ಚೀಟಿ ಬರೆಯಿರಿ.