ಪ್ರಶ್ನೆ ಕೇಳ್ತಿರೋದು ಏನನ್ನ?
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಕ್ಲಾಟ್ 2008ರಲ್ಲಿ ಶುರುವಾಯಿತು. ನಡೆಯೋದು ಇಂಗ್ಲಿಷಿನಲ್ಲಿ ಮಾತ್ರ. ಕ್ಲಾಟ್ 2024ರಿಂದ 120 ಪ್ರಶ್ನೆ, 2 ಗಂಟೆ. ಒಂದು ತಪ್ಪಿಗೆ ಕಾಲು ಅಂಕ ಕಡಿತ. ಐದರಲ್ಲಿ ಒಂದು ಪಾಲು ತರ್ಕ. 2020ರಿಂದ ಮೊದಲು ಒಂದು ಬರಹ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳ್ತಾರೆ.

ತರ್ಕ ಅಂದರೆ ಹೆದರಬೇಡಿ. ನಾವೆಲ್ಲ ಕೇಳಿ ಕೇಳಿ ಸಾಕಾದ ಒಂದು ವಾದ ತಗೊಳ್ಳೋಣ: ‘ಈಗ ನಮ್ಮೂರ ಹೋಟ್ಲಲ್ಲಿ ಎಲ್ಲರಿಗೂ ಒಂದೇ ಥರದ ಲೋಟ. ಆದ್ದರಿಂದ ಊರಲ್ಲಿ ಅಸ್ಪೃಶ್ಯತೆ ಹೋಗಿದೆ.’

‘ಕನ್‌ಕ್ಲೂಷನ್’ ಕೇಳಿದರೆ, ಅವನು ಒಪ್ಪಿಸಲು ಹೊರಟ ಮಾತು ಯಾವುದು ನೋಡಿ. ‘ಅಸ್ಪೃಶ್ಯತೆ ಹೋಗಿದೆ’ ಅನ್ನೋದು. ಲೋಟ ಬರೀ ಆಧಾರ.

‘ಅಸಂಪ್ಷನ್’ ಅಂದರೆ ಬಾಯಿಬಿಟ್ಟು ಹೇಳದೆ ನಂಬಿಕೊಂಡದ್ದು. ಹೋಟ್ಲಲ್ಲಿ ಹೋದರೆ ಊರಲ್ಲೆಲ್ಲ ಹೋದ ಹಾಗೆ ಅಂತ. ಆ ಮಾತನ್ನು ತಿರುವಿಹಾಕಿ ನೋಡಿ. ವಾದ ಬಿದ್ದುಹೋದರೆ ಅದೇ ಉತ್ತರ.

‘ಫ್ಲಾ’ ಅಂದರೆ ವಾದದ ಲೋಪ. ಒಂದು ಜಾಗದ ಸಂಗತಿ ಹಿಡಿದು ಇಡೀ ಊರಿಗೆ ತೀರ್ಪು ಕೊಟ್ಟದ್ದು.

‘ವೀಕನ್’ ಅಂದರೆ ವಾದವನ್ನು ಸಡಿಲಿಸೋದು ಯಾವುದು ಅಂತ. ಇಲ್ಲಿ ಬರಹದಲ್ಲಿಲ್ಲದ ಹೊಸ ಸಂಗತಿ ಬರಬಹುದು. ‘ಆ ಊರಿನ ಗುಡಿಯೊಳಕ್ಕೆ ಕೇರಿಯವರನ್ನು ಇನ್ನೂ ಬಿಡಲ್ಲ’ ಅಂತಿದ್ದರೆ ಅದೇ ಸರಿ. ‘ಸ್ಟ್ರೆಂಥನ್’ ಇದರ ತಿರುಗು: ವಾದಕ್ಕೆ ಬಲ ಕೊಡೋದು.

‘ಇನ್ಫರ್’ ಹತ್ತಿರ ಮಾತ್ರ ಹುಷಾರು. ಬರಹ ಹೇಳಿದ್ದರಿಂದ ಖಂಡಿತ ಹೊರಡುವುದಷ್ಟೇ ಉತ್ತರ. ‘ಆ ಹೋಟ್ಲಲ್ಲಿ ಕೇರಿಯವರಿಗೆ ಅಂತ ಬೇರೆ ಥರದ ಲೋಟ ಇಲ್ಲ.’ ಇಷ್ಟೇ. ಗುಡಿಯ ಮಾತು ಇಲ್ಲೂ ಬಂದು ಕೂತಿರುತ್ತೆ. ಅದು ನಿಜವೇ ಇರಬಹುದು, ನಾವು ಕಣ್ಣಾರೆ ಕಂಡದ್ದೇ ಇರಬಹುದು. ಆದರೆ ಬರಹದಲ್ಲಿಲ್ಲ, ಆದ್ದರಿಂದ ಉತ್ತರ ಅಲ್ಲ. ಒಂದು ಕಡೆ ಸರಿಯಾದ ಮಾತೇ ಇನ್ನೊಂದು ಕಡೆ ತಪ್ಪು. ನಮ್ಮ ಮಕ್ಕಳು ಅಂಕ ಕಳಕೊಳ್ಳೋದು ದಡ್ಡತನದಿಂದಲ್ಲ. ಉಂಡ ನೋವು ಪ್ರಶ್ನೆಗಿಂತ ಮೊದಲು ಉತ್ತರ ಹೇಳಿಬಿಡುತ್ತೆ.

ಅದಕ್ಕೇ ಹೇಳ್ತೀವಿ: ಪ್ರಶ್ನೆಯ ಸಾಲು ಮೊದಲು ಓದಿ. ಯಾವ ಜಾತಿಯ ಪ್ರಶ್ನೆ ಅಂತ ಗುರುತಿಸಿ. ಹೌದು, ಜಾತಿ ಕೇಳಬೇಕಾದ್ದು ಪ್ರಶ್ನೆಯದ್ದು ಮಾತ್ರ, ಮನುಷ್ಯರದ್ದಲ್ಲ!

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಎರಡು ಗಂಟೆ ಅದನ್ನು ಜೇಬಲ್ಲಿಟ್ಟುಕೊಳ್ಳಿ, ಬಿಸಾಡಬೇಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಆ ವಿಧಿ ಹಿಡಿದು ಕೋರ್ಟಿನಲ್ಲಿ ನಿಲ್ಲುವ ದಿನ ಅದು ಬೇಕಾಗುತ್ತೆ.

ಜೈ ಭೀಮ್.