ಆಟದ ಕಂಪ್ಯೂಟರಿಗೆ ಹೊಸ ಡ್ರೈವ್: ಕೊಳ್ಳುವ ಮುನ್ನ, ಎಸೆಯುವ ಮುನ್ನ

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ಹೊಳೆ, ಗುಡ್ಡಗಳ ಕುರಿತು ಮಾತು ನಡೆಯುವ ವೇದಿಕೆಯಲ್ಲಿ ಆಟವಾಡುವ ಕಂಪ್ಯೂಟರಿನ ವಿಚಾರವೇಕೆ ಎಂದು ಹಿರಿಯರಿಗೆ ಅನ್ನಿಸಿದರೆ ಅದು ಸಹಜವೇ. ಮಲೆನಾಡಿನ ಮನೆಗಳಿಗೂ ಕಂಪ್ಯೂಟರ್ ಬಂದು ಬಹುಕಾಲವಾಯಿತು. ಹತ್ತು ವರ್ಷದ ಹಿಂದೆ ಮಗನ ಓದಿಗೆಂದು ತಂದ ಯಂತ್ರ ಓದಿಗೂ ಆಟಕ್ಕೂ ಒದಗಿ, ಈಗ ಒತ್ತಿದರೆ ಏಳಲು ಐದು ನಿಮಿಷ ತೆಗೆದುಕೊಳ್ಳುತ್ತದೆ. ಆಟವೊಂದನ್ನು ತೆರೆದರೆ ಅಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಅಡಿಕೆ ಮಾರಾಟವಾದ ಮೇಲೆ ಹೊಸದು ಕೊಡಿಸುವುದಾಗಿ ತಂದೆ ಮಾತು ಕೊಟ್ಟಿರುತ್ತಾರೆ. ಹಳೆಯದು ಅಟ್ಟ ಸೇರುತ್ತದೆ, ಅಲ್ಲಿಂದ ಒಂದು ದಿನ ಗುಜರಿಯವನ ಗಾಡಿಗೆ. ಆ ಯಂತ್ರ ನಿಜವಾಗಿಯೂ ಮುದಿಯಾಗಿದೆಯೇ, ಅಥವಾ ಅದರೊಳಗಿನ ಒಂದೇ ಒಂದು ಭಾಗ ಉಳಿದೆಲ್ಲವನ್ನೂ ಕಾಯಿಸುತ್ತಿದೆಯೇ ಎಂಬುದನ್ನು ಪರೀಕ್ಷಿಸಿ ನೋಡಿದವರು ಕಡಿಮೆ.

ಬಹಳಷ್ಟು ಸಂದರ್ಭಗಳಲ್ಲಿ ಕಾಯಿಸುವ ಆ ಭಾಗವೆಂದರೆ ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಸಾಧನದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಡಿಸ್ಕ್ ಅಂಗೈಯಷ್ಟಾಗಿದ್ದರೂ ಅದರ ಮೂಲತತ್ತ್ವ ಬದಲಾಗಿಲ್ಲ. ಕಾಂತೀಯ ಲೇಪವಿರುವ ತಟ್ಟೆ ತಿರುಗುತ್ತಿರುತ್ತದೆ, ಒಂದು ತೋಳು ಅದರ ಮೇಲೆ ಅತ್ತಿತ್ತ ಸರಿದು ಓದುತ್ತದೆ. ಮೇಜಿನ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿರುವ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ನಾಲ್ಕು ಮಿಲಿಸೆಕೆಂಡಿಗೂ ತುಸು ಹೆಚ್ಚು. ತೋಳು ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡು. ಹೀಗೆ ಚದುರಿ ಬಿದ್ದಿರುವ ಸಣ್ಣ ಸಣ್ಣ ತುಣುಕುಗಳನ್ನು ಹೆಕ್ಕಬೇಕಾದಾಗ ಆ ಯಂತ್ರ ಸೆಕೆಂಡಿಗೆ ಎಪ್ಪತ್ತೆಂಟತ್ತು ತುಣುಕುಗಳಿಗಿಂತ ಹೆಚ್ಚನ್ನು ತರಲಾರದು.

ಅಟ್ಟದ ಮೇಲಿನಿಂದ ಒಂದು ಮೂಟೆ ಅಕ್ಕಿಯನ್ನು ಒಮ್ಮೆಗೇ ಇಳಿಸುವುದು ಕಷ್ಟವೇನಲ್ಲ. ಅದೇ ಅಟ್ಟದಿಂದ ಒಂದೊಂದು ಲವಂಗಕ್ಕೂ ಏಣಿ ಹತ್ತಿ ಇಳಿಯಬೇಕಾದರೆ ಅಡುಗೆ ಮುಗಿಯುವುದು ಯಾವಾಗ? ಆಪರೇಟಿಂಗ್ ಸಿಸ್ಟಮ್ ಏಳುವಾಗಲೂ, ಆಟವೊಂದು ಹೊಸ ಬೀದಿಯ ಚಿತ್ರಗಳನ್ನು ತರಿಸಿಕೊಳ್ಳುವಾಗಲೂ ಬೇಕಾಗುವುದು ಇಂತಹ ಲವಂಗಗಳೇ.

ಸಾಲಿಡ್ ಸ್ಟೇಟ್ ಡ್ರೈವ್, ಎಂದರೆ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯ ಫ್ಯೂಜಿಯೊ ಮಸುಒಕ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಇದರ ಬುನಾದಿ; ಇಂದು ಬಳಕೆಯಲ್ಲಿರುವ ನ್ಯಾಂಡ್ ಬಗೆಯನ್ನು ಅವರ ತಂಡ 1987ರಲ್ಲಿ ಮಂಡಿಸಿತು. ಸಿಲಿಕಾನ್ ತುಣುಕಿನಲ್ಲಿರುವ ಅತಿಸಣ್ಣ ಕೋಶಗಳಲ್ಲಿ ವಿದ್ಯುದಂಶವನ್ನು ಹಿಡಿದಿಟ್ಟು, ಅದರ ಪ್ರಮಾಣದಿಂದ ಅಂಕಿಗಳನ್ನು ಗುರುತಿಸುವುದು ಅದರ ಕ್ರಮ. ಕರೆಂಟು ಹೋದರೂ ಅದು ಕೋಶದಲ್ಲೇ ಉಳಿಯುತ್ತದೆ. ತುಣುಕು ಎಲ್ಲಿದ್ದರೂ ತರಲು ತಗಲುವುದು ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗ. ದೊಡ್ಡ ಕಡತವೊಂದನ್ನು ಉದ್ದಕ್ಕೆ ಓದುವಾಗ ಸಾಟಾ ಬಗೆಯ ಎಸ್‌ಎಸ್‌ಡಿ ಹಾರ್ಡ್ ಡಿಸ್ಕಿಗಿಂತ ಮೂರು-ನಾಲ್ಕು ಪಟ್ಟು ಮಾತ್ರ ಮುಂದೆ; ಚದುರಿದ ತುಣುಕುಗಳ ವಿಷಯದಲ್ಲಾದರೋ ನೂರಾರು ಪಟ್ಟು. ಐದು ನಿಮಿಷಕ್ಕೆ ಏಳುತ್ತಿದ್ದ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ಎದ್ದು ನಿಲ್ಲುವುದರ ಗುಟ್ಟು ಇಷ್ಟೇ.

ಆದರೆ ಅಂಗಡಿಯವರು ಹೇಳದೆ ಬಿಡುವ ಮಾತೊಂದಿದೆ. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಆಟದ ಚಿತ್ರಗಳ ಓಟ ಹೆಚ್ಚುವುದಿಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಮೂಡಬೇಕೆಂಬುದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರಿಗೆ ಸೇರಿದ ವಿಚಾರ. ಮೂವತ್ತು ಚಿತ್ರ ಬರುತ್ತಿದ್ದಲ್ಲಿ ಮೂವತ್ತೇ ಬರುತ್ತದೆ. ಆಟ ತೆರೆಯುವ ಹೊತ್ತು ಕಡಿಮೆಯಾಗುತ್ತದೆ. ವಿಶಾಲ ಪ್ರದೇಶದಲ್ಲಿ ಓಡಾಡುವ ಆಟಗಳಲ್ಲಿ ನಡುನಡುವೆ ಗಕ್ಕನೆ ನಿಲ್ಲುವುದು ತಗ್ಗುತ್ತದೆ. 2023ರಲ್ಲಿ ಬಂದ ‘ಸ್ಟಾರ್‌ಫೀಲ್ಡ್’, ‘ಬಾಲ್ಡರ್ಸ್ ಗೇಟ್ 3’ ಮುಂತಾದ ಆಟಗಳು ಎಸ್‌ಎಸ್‌ಡಿಯನ್ನು ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿಯೇ ಸೇರಿಸಿದವು. ಹತ್ತು ವರ್ಷ ಹಳೆಯ ಸಾಧಾರಣ ಗ್ರಾಫಿಕ್ಸ್ ಕಾರ್ಡಿನಲ್ಲಿ ಇಂತಹ ಆಟಗಳು ಎಸ್‌ಎಸ್‌ಡಿ ಇದ್ದರೂ ಸರಿಯಾಗಿ ಓಡದಿರಬಹುದು ಎಂಬುದು ಬೇರೆ ಮಾತು.

ಕಾಯುವಿಕೆಗೆ ಡಿಸ್ಕೇ ಕಾರಣವೆಂದು ಮೊದಲೇ ತೀರ್ಮಾನಿಸುವುದೂ ತಪ್ಪಾಗುತ್ತದೆ. ‘ಜಿಟಿಎ ಆನ್‌ಲೈನ್’ ಎಂಬ ಜನಪ್ರಿಯ ಆಟ ತೆರೆದುಕೊಳ್ಳಲು ವರ್ಷಗಟ್ಟಲೆ ಆಟಗಾರರನ್ನು ನಿಮಿಷಗಟ್ಟಲೆ ಕಾಯಿಸಿತು. 2021ರಲ್ಲಿ ಹವ್ಯಾಸಿ ಪ್ರೋಗ್ರಾಮರ್ ಒಬ್ಬ ಆ ಆಟದ ಒಳಹೊಕ್ಕು ನೋಡಿದ. ಆತನ ಯಂತ್ರದಲ್ಲಿ ಎಸ್‌ಎಸ್‌ಡಿ ಇದ್ದೇ ಇತ್ತು, ಆದರೂ ಆರು ನಿಮಿಷ ಹಿಡಿಯುತ್ತಿತ್ತು. ಸುಮಾರು 63 ಸಾವಿರ ವಸ್ತುಗಳ ಒಂದು ಪಟ್ಟಿಯನ್ನು ಓದುವಾಗ, ಪ್ರತಿ ಹೆಜ್ಜೆಯಲ್ಲೂ ಉಳಿದ ಪಟ್ಟಿಯ ಉದ್ದವನ್ನು ಮತ್ತೆ ಮತ್ತೆ ಎಣಿಸುತ್ತ ಪ್ರೊಸೆಸರ್ ಕಾಲ ಕಳೆಯುತ್ತಿತ್ತು. ಆ ಲೋಪವನ್ನು ಸರಿಪಡಿಸಿದಾಗ ಆರು ನಿಮಿಷ ಎರಡು ನಿಮಿಷದೊಳಗೆ ಇಳಿಯಿತು. ಆಟದ ತಯಾರಕರು ಅದನ್ನು ಒಪ್ಪಿ, ತಿದ್ದುಪಡಿಯನ್ನು ಎಲ್ಲರಿಗೂ ತಲುಪಿಸಿ, ಆತನಿಗೆ 10,000 ಡಾಲರ್ ಬಹುಮಾನವನ್ನೂ ಇತ್ತರು. ಅದಕ್ಕೆ ಮುನ್ನ ಈ ಒಂದು ಆಟಕ್ಕೆಂದೇ ಹೊಸ ಡ್ರೈವ್ ಕೊಂಡವರು ಜಗತ್ತಿನಲ್ಲಿ ಎಷ್ಟು ಮಂದಿಯೋ.

ಆದುದರಿಂದ ಮೊದಲು ನೋಡಬೇಕಾದದ್ದು ಯಂತ್ರ ಎಲ್ಲಿ ಕಾಯುತ್ತಿದೆ ಎಂಬುದನ್ನು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್, ರ್‍ಯಾಮ್, ಡಿಸ್ಕ್ ಇವುಗಳ ದುಡಿಮೆ ಶೇಕಡಾವಾರು ಕಾಣಿಸುತ್ತದೆ. ಪ್ರೊಸೆಸರ್ ಹತ್ತಿಪ್ಪತ್ತರಲ್ಲಿ ಆರಾಮವಾಗಿದ್ದು ಡಿಸ್ಕ್ ಸದಾ ನೂರಕ್ಕೆ ಮುಟ್ಟಿದ್ದರೆ ಅಡಚಣೆ ಡಿಸ್ಕಿನಲ್ಲಿದೆ. ರ್‍ಯಾಮ್ ನಾಲ್ಕೇ ಜಿಬಿ ಇದ್ದು ಅದೂ ತುಂಬಿ ತುಳುಕುತ್ತಿದ್ದರೆ, ಜಾಗ ಸಾಲದೆ ಯಂತ್ರ ಡಿಸ್ಕನ್ನೇ ಗೀಚುತ್ತಿರುತ್ತದೆ. ಆಗ ಮೊದಲ ಹಣ ರ್‍ಯಾಮಿಗೆ ಹೋಗಬೇಕು.

ಹಾರ್ಡ್ ಡಿಸ್ಕಿನ ನಿಧಾನಗತಿಗೆ ಆಟದ ತಯಾರಕರು ಕಂಡುಕೊಂಡಿದ್ದ ಉಪಾಯ ಮಲೆನಾಡಿನವರಿಗೆ ನೇರವಾಗಿ ತಟ್ಟುವಂಥದ್ದು. ತೋಳು ಅತ್ತಿತ್ತ ಸರಿಯುವುದನ್ನು ತಪ್ಪಿಸಲು, ಒಂದೇ ಚಿತ್ರವನ್ನು ಅದು ಬೇಕಾಗುವ ಪ್ರತಿಯೊಂದು ಜಾಗದ ಪಕ್ಕದಲ್ಲೂ ಮತ್ತೆ ಮತ್ತೆ ನಕಲು ಮಾಡಿ ಇಡುತ್ತಿದ್ದರು. ‘ಸ್ಪೈಡರ್‌ಮ್ಯಾನ್’ ಆಟದಲ್ಲಿ ಕೆಲವು ವಸ್ತುಗಳು 400 ಬಾರಿ ನಕಲಾಗಿದ್ದವೆಂದು ಪ್ಲೇಸ್ಟೇಷನ್ 5ರ ವಿನ್ಯಾಸಕ ಮಾರ್ಕ್ ಸರ್ನಿ 2020ರಲ್ಲಿ ತಿಳಿಸಿದ್ದರು. ಸ್ವೀಡನ್ನಿನ ಆ್ಯರೋಹೆಡ್ ಸಂಸ್ಥೆಯ ‘ಹೆಲ್‌ಡೈವರ್ಸ್ 2’ ಆಟ ಇದೇ ಕಾರಣದಿಂದ ಕಂಪ್ಯೂಟರಿನಲ್ಲಿ 154 ಜಿಬಿಗಳಷ್ಟು ಊದಿಕೊಂಡಿತ್ತು. ಆಟಗಾರರಲ್ಲಿ ಶೇ. 11ರಷ್ಟು ಮಂದಿ ಇನ್ನೂ ಹಾರ್ಡ್ ಡಿಸ್ಕ್ ಬಳಸುತ್ತಿದ್ದಾರೆ, ನಕಲು ತೆಗೆದರೆ ಅವರ ಕಾಯುವಿಕೆ ಹತ್ತು ಪಟ್ಟಾದೀತು ಎಂಬುದು ತಯಾರಕರ ಅಂಜಿಕೆಯಾಗಿತ್ತು. ಕೊನೆಗೆ ಅಳತೆ ಮಾಡಿ ನೋಡಿದಾಗ ಹೆಚ್ಚಾಗುವುದು ಕೆಲವೇ ಸೆಕೆಂಡು ಎಂದು ತಿಳಿಯಿತು. 2025ರ ಡಿಸೆಂಬರಿನಲ್ಲಿ ನಕಲುಗಳನ್ನೆಲ್ಲ ಕಿತ್ತುಹಾಕಿ, ಆಟವನ್ನು ಸುಮಾರು 23 ಜಿಬಿಗೆ ಇಳಿಸಿದ ಆವೃತ್ತಿಯನ್ನು ಅವರು ಬಿಡುಗಡೆ ಮಾಡಿದರು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕವಿರುವ ಮನೆಯಲ್ಲಿ, ಸಂಪರ್ಕ ಎಡೆಬಿಡದೆ ಸಿಕ್ಕರೂ, ಹಳೆಯ ಆವೃತ್ತಿ ಇಳಿಯಲು 34 ಗಂಟೆ ಬೇಕು, ಹೊಸದಕ್ಕೆ ಐದು ಗಂಟೆ ಸಾಕು. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ ಸಂಪರ್ಕ ಕಡಿಯುವ ಊರಿನಲ್ಲಿ ಈ ವ್ಯತ್ಯಾಸದ ಬೆಲೆಯೇನೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಪರಿಸರದ ಲೆಕ್ಕ. ಎಸ್‌ಎಸ್‌ಡಿ ಕಡಿಮೆ ವಿದ್ಯುತ್ ಬಳಸುತ್ತದೆ, ಆದ್ದರಿಂದ ಅದು ಹಸಿರು ಎಂಬ ಪ್ರಚಾರವನ್ನು ಲೆಕ್ಕ ಹಾಕದೆ ಒಪ್ಪಬಾರದು. ತಿರುಗುವ ಡಿಸ್ಕಿಗಿಂತ ಎಸ್‌ಎಸ್‌ಡಿ ಐದು ವಾಟ್ ಕಡಿಮೆ ಬಳಸುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ ನಾಲ್ಕು ಗಂಟೆಯ ಬಳಕೆಯಲ್ಲಿ ವರ್ಷಕ್ಕೆ ಉಳಿಯುವುದು ಸುಮಾರು ಏಳು ಯೂನಿಟ್. ಭಾರತದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ವರ್ಷದ ಉಳಿತಾಯ ಐದು ಕಿಲೋ. ಅತ್ತ ಫ್ಲ್ಯಾಶ್ ತುಣುಕುಗಳ ತಯಾರಿಕೆ ಬಹಳ ವಿದ್ಯುತ್ ನುಂಗುವ ಕೆಲಸ. ಸ್ವಾಮಿತ್ ತನ್ನು ಮತ್ತು ಪ್ರಶಾಂತ್ ನಾಯರ್ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಎಸ್‌ಎಸ್‌ಡಿಯ ಪ್ರತಿ ಜಿಬಿಯ ತಯಾರಿಕೆಯಲ್ಲಿ ಸರಾಸರಿ 0.16 ಕಿಲೋ ಹೊರಬೀಳುತ್ತದೆ. ಅಷ್ಟೇ ಜಾಗದ ಹಾರ್ಡ್ ಡಿಸ್ಕಿಗಿಂತ ಸುಮಾರು ಎಂಟು ಪಟ್ಟು. ಒಂದು ಟೆರಾಬೈಟಿನ ಎಸ್‌ಎಸ್‌ಡಿ ಎಂದರೆ 160 ಕಿಲೋ. ವರ್ಷಕ್ಕೆ ಐದು ಕಿಲೋ ಉಳಿಸುತ್ತ ಈ ಸಾಲ ತೀರಿಸಲು ಮೂವತ್ತು ವರ್ಷ ಬೇಕು. ಡ್ರೈವ್ ಅಷ್ಟು ಕಾಲ ಬದುಕುವುದಿಲ್ಲ.

ಹಾಗಾದರೆ ಲಾಭವೆಲ್ಲಿ? ಡ್ರೈವ್ ಬದಲಿಸಿದ ಕಾರಣದಿಂದ ಇಡೀ ಹೊಸ ಕಂಪ್ಯೂಟರ್ ಕೊಳ್ಳುವುದು ನಾಲ್ಕೈದು ವರ್ಷ ಮುಂದೆ ಹೋದರೆ ಲಾಭವಿದೆ. ಒಂದು ಕಂಪ್ಯೂಟರಿನಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ, ಪರದೆ ಎಲ್ಲವೂ ಇವೆ. ಇವೆಲ್ಲ ಸುಸ್ಥಿತಿಯಲ್ಲಿರುವಾಗ ಒಂದು ತಟ್ಟೆಯ ನಿಧಾನಕ್ಕಾಗಿ ಗುಜರಿಗೆ ಹೋಗುವುದು ಅನ್ಯಾಯ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ. 22.3 ಮಾತ್ರ. ಭಾರತದಲ್ಲಿ 2023ರ ಏಪ್ರಿಲಿನಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದು ತಯಾರಕರ ಹೊಣೆ ಹೆಚ್ಚಿದ್ದರೂ, ತಾಮ್ರಕ್ಕಾಗಿ ತಂತಿ ಸುಡುವ ಹೊಗೆ ಇನ್ನೂ ಆರಿಲ್ಲ.

ಈ ಲೆಕ್ಕದಿಂದಲೇ ಎಷ್ಟು ದೊಡ್ಡದು ಕೊಳ್ಳಬೇಕೆಂಬುದಕ್ಕೂ ಉತ್ತರ ದೊರೆಯುತ್ತದೆ. ಆಪರೇಟಿಂಗ್ ಸಿಸ್ಟಮ್ ಮತ್ತು ಆ ದಿನಗಳಲ್ಲಿ ಆಡುತ್ತಿರುವ ಎರಡು ಮೂರು ಆಟಗಳಿಗೆ 250ರಿಂದ 500 ಜಿಬಿ ಸಾಕು. ಮದುವೆಯ ವೀಡಿಯೊ, ಸಿನಿಮಾ, ಆಡಿ ಮುಗಿಸಿದ ಆಟ ಇವೆಲ್ಲ ಹಳೆಯ ಹಾರ್ಡ್ ಡಿಸ್ಕಿನಲ್ಲೇ ಇರಲಿ. ಅದನ್ನು ಕಿತ್ತೆಸೆಯದೆ ಎರಡನೆಯ ಡ್ರೈವ್ ಆಗಿ ಅಲ್ಲೇ ಉಳಿಸಿಕೊಳ್ಳಬಹುದು. ಲವಂಗದ ಡಬ್ಬಿ ಒಲೆಯ ಪಕ್ಕದಲ್ಲಿ, ಮೂಟೆ ಅಟ್ಟದಲ್ಲಿ. 2025ರ ಕೊನೆಯಿಂದ ದತ್ತಾಂಶ ಕೇಂದ್ರಗಳ ಬೇಡಿಕೆಗೆ ಸಿಕ್ಕಿ ಫ್ಲ್ಯಾಶ್ ತುಣುಕುಗಳ ಬೆಲೆ ಏರಿದ ಮೇಲಂತೂ ಈ ಮಿತವ್ಯಯ ಕಿಸೆಗೂ ಹಿತ.

2014ರ ಸುಮಾರಿನ ಸಾಧಾರಣ ಮದರ್‌ಬೋರ್ಡುಗಳಲ್ಲಿ ಎನ್‌ವಿಎಂಇ ಎಂಬ ಅತಿವೇಗದ ಡ್ರೈವಿಗೆ ಜಾಗವಿರುವುದಿಲ್ಲ. 2.5 ಅಂಗುಲದ ಸಾಟಾ ಎಸ್‌ಎಸ್‌ಡಿ ಅವುಗಳಿಗೆ ತಕ್ಕದ್ದು. ಆಟ ತೆರೆಯುವ ಹೊತ್ತಿನಲ್ಲಿ ಇವೆರಡರ ಅಂತರ ಸಾಮಾನ್ಯವಾಗಿ ಕೆಲವು ಸೆಕೆಂಡುಗಳಷ್ಟೇ ಆದುದರಿಂದ ಕೊರಗಬೇಕಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಬಳಸಿದ ಡ್ರೈವುಗಳೂ ದೊರೆಯುತ್ತವೆ. ಎಸ್‌ಎಸ್‌ಡಿಯ ಕೋಶಗಳು ಬರೆದಂತೆಲ್ಲ ಸವೆಯುವುದರಿಂದ, ಎಷ್ಟು ಬರೆಯಲಾಗಿದೆ ಎಂಬ ಅಂಕಿಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಮುಂತಾದ ಉಚಿತ ತಂತ್ರಾಂಶದಲ್ಲಿ ನೋಡಿಯೇ ಕೊಳ್ಳಬೇಕು. ಸವೆತದ ಭಯ ಅತಿಯಾಗಿಯೂ ಬೇಡ: 300 ಟೆರಾಬೈಟ್ ಬರೆಯಬಹುದೆಂದು ನಮೂದಿಸಿರುವ ಡ್ರೈವಿಗೆ ದಿನಕ್ಕೆ 30 ಜಿಬಿ ಬರೆದರೂ 27 ವರ್ಷವಾಗುತ್ತದೆ. ನಂಬಲಾಗದಷ್ಟು ಅಗ್ಗದ ‘2 ಟೆರಾಬೈಟ್’ ಡ್ರೈವುಗಳಲ್ಲಿ ಒಳಗಿರುವುದು ಹಲವು ಬಾರಿ ಸಣ್ಣ ಮೆಮೊರಿ ಕಾರ್ಡು ಮಾತ್ರ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಮಾಯ.

ಇನ್ನೊಂದು ತೊಡಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಕಾಲದ ಪ್ರೊಸೆಸರುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಡ್ರೈವ್ ಹೇಗೂ ಹೊಸದಾಗುತ್ತಿರುವಾಗ ಉಚಿತವಾಗಿ ಸಿಗುವ ಲಿನಕ್ಸನ್ನು ಹಾಕಿ ನೋಡಬಹುದು. ವಾಲ್ವ್ ಸಂಸ್ಥೆ 2018ರಲ್ಲಿ ಹೊರತಂದ ಪ್ರೋಟಾನ್ ಎಂಬ ವ್ಯವಸ್ಥೆಯಿಂದ ವಿಂಡೋಸಿನ ಬಹಳಷ್ಟು ಆಟಗಳು ಅದರಲ್ಲೂ ನಡೆಯುತ್ತವೆ. ಹಲವರು ಕೂಡಿ ಆಡುವ, ಮೋಸ ತಡೆಯುವ ತಂತ್ರಾಂಶವಿರುವ ಕೆಲವು ಆಟಗಳು ಮಾತ್ರ ಹಟ ಹಿಡಿಯುತ್ತವೆ.

ಜೋಡಿಸುವ ಕೆಲಸ ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಿಗಾದರೂ ಸಾಧ್ಯ. ಮೊದಲು ಬೇಕಾದ ಕಡತಗಳೆಲ್ಲ ಬೇರೊಂದು ಕಡೆ ನಕಲಾಗಿರಬೇಕು. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಾಯಿವಿದ್ಯುತ್ತನ್ನು ಕಳೆದುಕೊಂಡು, ಡ್ರೈವನ್ನು ಕೂರಿಸಿ, ಅಗಲವಾದ ವಿದ್ಯುತ್ ಕೇಬಲ್ಲನ್ನೂ ಕಿರಿದಾದ ಡೇಟಾ ಕೇಬಲ್ಲನ್ನೂ ಸಿಕ್ಕಿಸಬೇಕು. ಹಳೆಯ ಡಿಸ್ಕಿನಲ್ಲಿದ್ದುದನ್ನು ಕ್ಲೋನ್‌ಜಿಲ್ಲಾದಂತಹ ಉಚಿತ ತಂತ್ರಾಂಶದಿಂದ ಇದ್ದಂತೆಯೇ ವರ್ಗಾಯಿಸಬಹುದು. ಆದರೆ ಹತ್ತು ವರ್ಷದ ಕಸವೂ ಜೊತೆಗೇ ಬರುವುದರಿಂದ ಹೊಸದಾಗಿ ಅನುಸ್ಥಾಪಿಸುವುದೇ ಲೇಸು. ಬಯೋಸಿನಲ್ಲಿ ಎಎಚ್‌ಸಿಐ ಆಯ್ಕೆಯಾಗಿರುವುದನ್ನೂ ಹೊಸ ಡ್ರೈವ್ ಮೊದಲ ಸ್ಥಾನದಲ್ಲಿರುವುದನ್ನೂ ನೋಡಿಕೊಂಡರೆ ಮುಗಿಯಿತು.

ಮಲೆನಾಡಿನ ಸಿಡಿಲಿಗೆ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಎಂಬ ಭೇದವಿಲ್ಲ. ಗುಡುಗು ಶುರುವಾದೊಡನೆ ವಿದ್ಯುತ್ ಪ್ಲಗ್ಗನ್ನೂ ನೆಟ್‌ವರ್ಕ್ ತಂತಿಯನ್ನೂ ಕೀಳಬೇಕು. ಬರೆಯುತ್ತಿರುವಾಗ ಕರೆಂಟು ಹೋದರೆ ಎರಡರಲ್ಲೂ ಕಡತ ಕೆಡಬಹುದಾದ್ದರಿಂದ, ಸರಿಯಾಗಿ ಮುಚ್ಚಲು ಐದು ನಿಮಿಷ ಒದಗಿಸುವ ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯದು. ಹಾಗೆಯೇ ಸವೆದ ಎಸ್‌ಎಸ್‌ಡಿಯಲ್ಲಿ ಮನೆಯ ಫೋಟೊಗಳನ್ನು ತುಂಬಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಡಬಾರದು. ವಿದ್ಯುತ್ ಸಂಪರ್ಕವಿಲ್ಲದೆ ಕೋಶಗಳಲ್ಲಿನ ವಿದ್ಯುದಂಶ ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಹಳೆಯ ಡಿಸ್ಕ್ ಟಕ್ ಟಕ್ ಸದ್ದು ಮಾಡತೊಡಗಿದ್ದರೆ ಅದನ್ನು ಅಟ್ಟವಾಗಿಯೂ ನಂಬುವಂತಿಲ್ಲ. ಅದರಲ್ಲಿರುವುದನ್ನು ನಕಲು ಮಾಡಿಕೊಂಡು, ನಕಲು ತೆರೆದುಕೊಳ್ಳುತ್ತದೆಂದು ಒಂದೊಂದಾಗಿ ನೋಡಿದ ನಂತರವೇ ಡಿಸ್ಕನ್ನು ಪೂರ್ತಿ ಅಳಿಸಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು. ಡಿಲೀಟ್ ಒತ್ತಿದ ಮಾತ್ರಕ್ಕೆ ಬ್ಯಾಂಕಿನ ಕಾಗದಪತ್ರಗಳು ಅಳಿಸಿಹೋಗುವುದಿಲ್ಲ. ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆಸಬೇಕು. ಒಂದು ಟೆರಾಬೈಟಿನ ಡಿಸ್ಕಿಗೆ ಅದು ಎರಡು-ಮೂರು ಗಂಟೆಯ ಕೆಲಸ. ರಾತ್ರಿ ಊಟಕ್ಕೆ ಮುನ್ನ ಹಚ್ಚಿಟ್ಟರೆ ಮಲಗುವ ಹೊತ್ತಿಗೆ ಮುಗಿದಿರುತ್ತದೆ.