ತುಕ್ಕು ಹಿಡಿದ ಬೋಲ್ಟು ಮತ್ತು ನಮ್ಮೂರಿನ ವಿದ್ಯೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿದ್ದೀರಿ. ನಾನು ಮುರಿದ ಬೋಲ್ಟಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹೆಚ್ಚಿನದು ಮಳೆ ನಂಬಿದ ಶೇಂಗಾ ಬೇಸಾಯ. ಹದ ಸಿಕ್ಕ ದಿನವೇ ಟ್ರ್ಯಾಕ್ಟರಿನ ವಾಟರ್ ಪಂಪ್ ಕೆಟ್ಟು, ಬಿಚ್ಚುವಾಗ ಬೋಲ್ಟು ಎಂಜಿನ್ ಬ್ಲಾಕಿನೊಳಗೇ ಮುರಿದರೆ? ರೈತ ಕಾಯಬಹುದು, ಹದ ಕಾಯುವುದಿಲ್ಲ.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ತೂತಿನಲ್ಲಿ ಆ ಜಾಗವಿಲ್ಲ. ಹಾಗಾಗಿ ತುಕ್ಕು ಥ್ರೆಡ್‌ಗಳ ನಡುವೆ ಬೆಣೆಯಂತೆ ಕೂರುತ್ತದೆ. ಪಾನಾಗೆ ಪೈಪು ತೊಡಿಸಿ ಜಗ್ಗಿದರೆ ತುಕ್ಕು ಬಿಡುವ ಮೊದಲು ಬೋಲ್ಟೇ ತುಂಡಾಗುತ್ತದೆ.

ಬಲ್ಲ ಮಿಸ್ತ್ರಿ ಜಗ್ಗುವುದಿಲ್ಲ. ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಾಯುತ್ತಾನೆ. ಎಣ್ಣೆಯ ಊರೆಂದು ಶೇಂಗಾ ಎಣ್ಣೆ ಹಾಕಬೇಡಿ. ಅದು ಮಂದ, ಒಳಗೆ ಇಳಿಯುವುದಿಲ್ಲ. ಆಮೇಲೆ ಮುರಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡುತ್ತಾನೆ. ಎಣ್ಣೆ ಒರೆಸದೆ ಬೆಂಕಿ ತರುವುದಿಲ್ಲ. ವೆಲ್ಡಿನ ಬಿಸಿಗೆ ತುಕ್ಕಿನ ಹಿಡಿತ ಒಡೆಯುತ್ತದೆ, ಪಾನಾಗೆ ಹೊಸ ತಲೆಯೂ ಸಿಗುತ್ತದೆ. ಆರಿದ ಮೇಲೆ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸುತ್ತಾ ಹೊರಗೆ ತರುತ್ತಾನೆ.

ಎಕ್ಸ್‌ಟ್ರಾಕ್ಟರ್ ಎಂಬ ಎಡಸುತ್ತಿನ ಉಪಕರಣವೂ ಇದೆ. ಸೆಂಟರ್ ಪಂಚ್ ಹೊಡೆದು, ಸರಿಯಾಗಿ ನಡುವೆ ತೂತು ಕೊರೆದು, ಅದನ್ನು ಬಿಗಿದು ಎಡಕ್ಕೆ ತಿರುಗಿಸಬೇಕು. ಅದು ಗಡುಸಾದ ಉಕ್ಕು; ಗಡುಸಾದ್ದರಿಂದಲೇ ಬಾಗದೆ ಫಟ್ಟನೆ ಮುರಿಯುತ್ತದೆ. ಒಳಗೆ ಮುರಿದರೆ ಒಂದು ತೊಂದರೆ ಎರಡಾಯಿತು. ಸಾಮಾನ್ಯ ಡ್ರಿಲ್ ಬಿಟ್ಟು ಅದನ್ನು ಕೊರೆಯುವುದಿಲ್ಲ. ಪಂಚಿನಿಂದ ಪುಡಿ ಮಾಡಿ ತೆಗೆಯಬೇಕು, ಇಲ್ಲವೇ ಕಾರ್ಬೈಡ್ ಬಿಟ್ಟು ಬೇಕು. ಅದೂ ಆಗದಿದ್ದರೆ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರ ಬೇಕು. ಅಂಥ ಯಂತ್ರಗಳು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿವೆ. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಬಿತ್ತನೆ ಹೋಯಿತು. ಅದಕ್ಕೇ ತಿಳಿದವರು ಎಕ್ಸ್‌ಟ್ರಾಕ್ಟರನ್ನು ಬಲ ಹಾಕಿ ತಿರುಗಿಸುವುದಿಲ್ಲ.

ನನ್ನ ಕೆಲಸದಲ್ಲಿ ಏನಾದರೂ ಕೆಟ್ಟರೆ ಹಿಂದಿನ ಪ್ರತಿ ಇರುತ್ತದೆ, ಅದನ್ನು ಮತ್ತೆ ತರಬಹುದು. ಎಂಜಿನ್ ಬ್ಲಾಕಿಗೆ ಹಿಂದಿನ ಪ್ರತಿ ಇಲ್ಲ. ತೂತು ಓರೆಯಾಯಿತೋ, ರೈತನ ಜೇಬಿಗೇ ತೂತು. ಬಿಸಿ ಎಷ್ಟು, ಬಲ ಎಷ್ಟು, ಯಾವಾಗ ನಿಲ್ಲಿಸಬೇಕು ಎಂದು ಕೈಯಿಂದಲೇ ಅಳೆಯುವುದು ಎಂಜಿನಿಯರಿಂಗ್ ಅಲ್ಲದೆ ಮತ್ತೇನು?

ನಮ್ಮ ಜೊತೆ ಇದೇ ಶಾಲೆಯಲ್ಲಿ ಓದಿ, ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಲೇತ್ ಅಂಗಡಿ, ಗ್ಯಾರೇಜು ಸೇರಿದ ಗೆಳೆಯರಿದ್ದಾರೆ. ಇವತ್ತು ಶಾಲು ಹೊದಿಸಿದ ಪಟ್ಟಿಯಲ್ಲಿ ಡಾಕ್ಟರು, ಎಂಜಿನಿಯರು, ಮೇಷ್ಟ್ರುಗಳ ಹೆಸರಿದೆ, ಅವರ ಹೆಸರಿಲ್ಲ. ಅವರು ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ.

ನನ್ನದೊಂದು ಬಿನ್ನಹ. ಈ ಮಹೋತ್ಸವದ ನೆನಪಿಗೆ ಶಾಲೆಯಲ್ಲಿ ಒಂದು ಕೆಲಸದ ಮೇಜು ಆಗಲಿ. ಒಂದು ವೈಸು, ಒಂದು ಡ್ರಿಲ್ಲು, ಒಂದು ಟ್ಯಾಪ್ ಸೆಟ್ಟು, ಕಣ್ಣಿಗೆ ಕನ್ನಡಕ ಸಾಕು. ಅದರ ಖರ್ಚು ನನಗಿರಲಿ. ಪಾಠ ಹೇಳಲು ಆ ಗೆಳೆಯರನ್ನೇ ಕರೆಯೋಣ. ಹಳೆಯ ಬೋಲ್ಟು ತೆಗೆಯುವುದನ್ನೂ, ಹೊಸದಕ್ಕೆ ಗ್ರೀಸು ಹಚ್ಚಿ ಹಾಕುವುದನ್ನೂ ಮಕ್ಕಳು ಅವರಿಂದಲೇ ಕಲಿಯಲಿ, ಅವರನ್ನು ‘ಸಾರ್’ ಎಂದೇ ಕರೆಯಲಿ.